ಕಂಪನಿಯ ಸೇವಾ ದಿನ ಯಾರಿಗಾಗಿ?

ಕಂಪನಿಗಳು ತಮ್ಮ ನೌಕರರ ಸ್ವಯಂಸೇವೆಗೆ ಬೆಂಬಲ ಕೊಡುವ ಬಗೆಗಳು ಹಲವು. ವರ್ಷಕ್ಕೆ ಒಂದೆರಡು ದಿನ ಸಂಬಳ ಸಹಿತ ರಜೆ ಕೊಡುವುದುಂಟು. ನೌಕರ ಕೊಟ್ಟ ದೇಣಿಗೆಗೆ ಅಷ್ಟೇ ಮೊತ್ತವನ್ನು ಕಂಪನಿಯೂ ಸೇರಿಸುವುದುಂಟು. ನೌಕರ ಯಾವುದಾದರೂ ಸಂಸ್ಥೆಗಾಗಿ ದುಡಿದ ಗಂಟೆಗಳನ್ನು ಲೆಕ್ಕ ಹಾಕಿ ಆ ಸಂಸ್ಥೆಗೆ ಹಣ ಕೊಡುವ ಕಂಪನಿಗಳಿವೆ. ಲೆಕ್ಕಪತ್ರ, ಸಾಫ್ಟ್‌ವೇರ್, ಕಾನೂನು ಬಲ್ಲವರನ್ನು ಕೆಲವು ತಿಂಗಳ ಮಟ್ಟಿಗೆ ಒಂದು ಸಂಸ್ಥೆಯ ಕೆಲಸಕ್ಕೆ ಹಚ್ಚುವ ಕಂಪನಿಗಳೂ ಇವೆ. ಇವೆಲ್ಲಕ್ಕಿಂತ ಹೆಚ್ಚಾಗಿ ಬೆಂಗಳೂರಿನಲ್ಲಿ ಕಣ್ಣಿಗೆ ಬೀಳುವುದು ಸೇವಾ ದಿನ. ಐವತ್ತೋ ನೂರೋ ನೌಕರರು ಒಂದೇ ಬಣ್ಣದ ಟೀ ಶರ್ಟ್ ತೊಟ್ಟು, ಕಂಪನಿಯ ಬಸ್ಸಿನಲ್ಲಿ ಹೋಗಿ, ಸರ್ಕಾರಿ ಶಾಲೆಗೆ ಬಣ್ಣ ಹೊಡೆದು ಅಥವಾ ಕೆರೆಯ ದಡದಲ್ಲಿ ಕಸ ಹೆಕ್ಕಿ ಅಥವಾ ಸಸಿ ನೆಟ್ಟು ಸಂಜೆಗೆ ವಾಪಸಾಗುತ್ತಾರೆ. ವಾರ್ಷಿಕ ವರದಿಯಲ್ಲಿ ಇಷ್ಟು ಸಾವಿರ ನೌಕರರು, ಇಷ್ಟು ಸಾವಿರ ಗಂಟೆಗಳು ಎಂದು ದಾಖಲಾಗುವುದು ಮುಖ್ಯವಾಗಿ ಇಂಥ ದಿನಗಳೇ.

ಈ ಸೇವಾ ದಿನದ ಬಗ್ಗೆ ಒಂದು ಅಭಿಪ್ರಾಯ ಗಟ್ಟಿಯಾಗಿ ಬೇರೂರಿದೆ. ನೌಕರನಿಗೆ ಸಮಾಧಾನ, ಕಂಪನಿಗೆ ಒಳ್ಳೆಯ ಹೆಸರು, ಊರಿಗೆ ಉಪಕಾರ. ಮೂವರಿಗೂ ಲಾಭ, ಯಾರಿಗೂ ನಷ್ಟವಿಲ್ಲ ಎಂಬುದು ಅದರ ಸಾರ. ಎಚ್‌ಆರ್ ವಿಭಾಗಗಳು ಇದನ್ನು ನಂಬುತ್ತವೆ, ಪತ್ರಿಕೆಗಳು ಹಾಗೆಯೇ ವರದಿ ಮಾಡುತ್ತವೆ, ನೆರವು ಪಡೆಯುವ ಸಂಸ್ಥೆಗಳು ಬಹಿರಂಗವಾಗಿ ಹೌದೆನ್ನುತ್ತವೆ. ಈ ಅಭಿಪ್ರಾಯ ತಪ್ಪು. ಮೊದಲ ಎರಡು ಲಾಭಗಳು ನಿಜವಾಗಿಯೂ ಇವೆ. ಮೂರನೆಯದು ಬಹುಪಾಲು ಕಡೆ ಇಲ್ಲ; ಅಷ್ಟೇ ಅಲ್ಲದೆ, ಮೊದಲ ಎರಡು ಲಾಭಗಳ ಬೆಲೆಯನ್ನು ಶಾಲೆ, ಕೆರೆ ಮತ್ತು ಅಲ್ಲಿ ದಿನವೂ ದುಡಿಯುವವರು ತೆರುತ್ತಿದ್ದಾರೆ. ಸೇವಾ ದಿನ ರೂಪುಗೊಳ್ಳುವುದು ನೌಕರರ ಬಿಡುವಿಗೆ ತಕ್ಕಂತೆ. ಒಂದು ಶಾಲೆಗೆ, ಒಂದು ಕೆರೆಗೆ ಬೇಕಾದದ್ದು ಮಾತ್ರ ವರ್ಷವಿಡೀ ಅಲ್ಲಿರುವ, ಸಂಬಳ ಪಡೆಯುವ, ಜವಾಬ್ದಾರಿ ಹೊತ್ತ ಒಬ್ಬ ಮನುಷ್ಯ. ಕಂಪನಿಗಳು ಆ ಮನುಷ್ಯನಿಗೆ ಹಣ ಕೊಡಲು ಹಿಂಜರಿಯುತ್ತವೆ.

ಕಾನೂನು ಈ ವ್ಯತ್ಯಾಸವನ್ನು ಸಾಕಷ್ಟು ಸ್ಪಷ್ಟವಾಗಿಯೇ ಗುರುತಿಸಿದೆ. 2013ರ ಕಂಪನಿ ಕಾಯ್ದೆಯ 135ನೇ ಸೆಕ್ಷನ್ 2014ರ ಏಪ್ರಿಲ್ 1ರಿಂದ ಜಾರಿಗೆ ಬಂತು. ಅದರ ಪ್ರಕಾರ ನಿವ್ವಳ ಮೌಲ್ಯ 500 ಕೋಟಿ, ವಹಿವಾಟು 1,000 ಕೋಟಿ ಅಥವಾ ನಿವ್ವಳ ಲಾಭ 5 ಕೋಟಿ ರೂಪಾಯಿ ಮುಟ್ಟಿದ ಕಂಪನಿ, ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಕನಿಷ್ಠ ಶೇ 2ರಷ್ಟನ್ನು ಸಾಮಾಜಿಕ ಕೆಲಸಗಳಿಗೆ ಖರ್ಚು ಮಾಡಬೇಕು. ಸಿಎಸ್‌ಆರ್ ಎಂದು ಎಲ್ಲರೂ ಕರೆಯುವುದು ಇದನ್ನೇ. 2022–23ರಲ್ಲಿ ದೇಶದ ಕಂಪನಿಗಳು ಹೀಗೆ ಖರ್ಚು ಮಾಡಿದ್ದು ಸುಮಾರು 30 ಸಾವಿರ ಕೋಟಿ ರೂಪಾಯಿ. ಮ್ಯಾರಥಾನ್‌ನಂಥ ಒಂದು ದಿನದ ಕಾರ್ಯಕ್ರಮಗಳು ಈ ಲೆಕ್ಕಕ್ಕೆ ಬರುವುದಿಲ್ಲ ಎಂದು ಕೇಂದ್ರ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ 2014ರ ಜೂನ್‌ನಲ್ಲಿಯೇ ಸುತ್ತೋಲೆ ಹೊರಡಿಸಿತು. ನೌಕರರು ಸಿಎಸ್‌ಆರ್ ಕೆಲಸಗಳಲ್ಲಿ ತೊಡಗುವುದು ಒಳ್ಳೆಯದು, ಆದರೆ ಅವರ ಉಚಿತ ದುಡಿಮೆಗೆ ಬೆಲೆ ಕಟ್ಟಿ ಖರ್ಚಿನಲ್ಲಿ ತೋರಿಸುವಂತಿಲ್ಲ ಎಂದು 2016ರಲ್ಲಿ ಹೇಳಿತು, 2021ರಲ್ಲಿ ಮತ್ತೊಮ್ಮೆ ಹೇಳಿತು. 2021ರ ತಿದ್ದುಪಡಿ ನಿಯಮಗಳು ಕಂಪನಿಯ ಸ್ವಂತ ನೌಕರರಿಗೆ ಅನುಕೂಲವಾಗುವ ಕಾರ್ಯಕ್ರಮಗಳನ್ನು ಸಿಎಸ್‌ಆರ್‌ನಿಂದ ಹೊರಗಿಟ್ಟವು. ಸಮಾಜಕ್ಕೆ ಸಲ್ಲುವುದು ಒಂದು, ನೌಕರನಿಗೆ ಸಲ್ಲುವುದು ಇನ್ನೊಂದು ಎಂಬ ಗೆರೆ ಕಾನೂನಿನಲ್ಲಿದೆ. ವಾರ್ಷಿಕ ವರದಿಗಳು ಈ ಎರಡನ್ನೂ ಒಂದೇ ಅಧ್ಯಾಯದಲ್ಲಿ, ಒಂದೇ ಬಗೆಯ ಫೋಟೊಗಳ ನಡುವೆ ಅಚ್ಚುಹಾಕಿ ಆ ಗೆರೆಯನ್ನು ಅಳಿಸುತ್ತವೆ.

ಸ್ವಯಂಸೇವೆಯಿಂದ ನೌಕರರಿಗೆ ಒಳಿತಾಗುತ್ತದೆ ಎಂಬುದಕ್ಕೆ ಆಧಾರವಿದೆ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ವಿಲಿಯಂ ಫ್ಲೆಮಿಂಗ್ 2024ರಲ್ಲಿ ಪ್ರಕಟಿಸಿದ ಅಧ್ಯಯನ ಬ್ರಿಟನ್ನಿನ 233 ಸಂಸ್ಥೆಗಳ 46,336 ನೌಕರರನ್ನು ಒಳಗೊಂಡಿತ್ತು. ಧ್ಯಾನದ ಆ್ಯಪ್, ಒತ್ತಡ ನಿರ್ವಹಣೆಯ ತರಬೇತಿ ಮುಂತಾದ ಕಾರ್ಯಕ್ರಮಗಳಿಂದ ನೌಕರರ ಮನಸ್ಸಿನ ಆರೋಗ್ಯ ಸುಧಾರಿಸಿದ್ದು ಕಾಣಲಿಲ್ಲ. ಸ್ವಲ್ಪವಾದರೂ ಒಳ್ಳೆಯ ಸಂಬಂಧ ಕಂಡದ್ದು ಸ್ವಯಂಸೇವೆಯಲ್ಲಿ ಮಾತ್ರ. ಸೇವಾ ದಿನದ ಸಮರ್ಥಕರು ಇದನ್ನು ಸಂತೋಷದಿಂದ ಉಲ್ಲೇಖಿಸುತ್ತಾರೆ. ಆದರೆ ಆ ಅಧ್ಯಯನ ಅಳೆದದ್ದು ಸೇವೆ ಮಾಡಿದವರ ಸ್ಥಿತಿಯನ್ನು. ಸೇವೆ ಪಡೆದವರ ಸ್ಥಿತಿಯನ್ನು ಅದು ಕೇಳಲಿಲ್ಲ, ಕೇಳುವುದು ಅದರ ಉದ್ದೇಶವೂ ಆಗಿರಲಿಲ್ಲ. ನೌಕರರ ನೆಮ್ಮದಿಗಾಗಿ ಒಂದು ದಿನ ಬೇಕಿದ್ದರೆ ಕಂಪನಿ ಅದನ್ನು ನೌಕರರ ಕಲ್ಯಾಣದ ಖರ್ಚೆಂದು ನೇರವಾಗಿ ಬರೆದುಕೊಳ್ಳಬಹುದು, ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಊರಿನ ಶಾಲೆಯ ಹೆಸರಿನಲ್ಲಿ ಅದನ್ನು ಬರೆದಾಗ ಮಾತ್ರ ಅದು ಸುಳ್ಳಾಗುತ್ತದೆ.

ಶಾಲೆಯಿಂದಲೇ ಆರಂಭಿಸಬಹುದು, ಏಕೆಂದರೆ ಸೇವಾ ದಿನಗಳಿಗೆ ಹೆಚ್ಚು ಪ್ರಿಯವಾದ ಜಾಗ ಅದು. ಹೊರಗಿನವರು ಒಂದು ದಿನದಲ್ಲಿ ಮಾಡಿ ಮುಗಿಸಬಹುದಾದ, ಮುಗಿದ ಮೇಲೆ ಕಣ್ಣಿಗೆ ಕಾಣುವ ಕೆಲಸ ಗೋಡೆಗೆ ಬಣ್ಣ ಹೊಡೆಯುವುದು. ಆ ಕಾರಣಕ್ಕೇ ಸರ್ಕಾರಿ ಶಾಲೆಯ ಹತ್ತು ಕೊರತೆಗಳಲ್ಲಿ ಬಣ್ಣವೇ ಮೊದಲು ಆಯ್ಕೆಯಾಗುತ್ತದೆ. ಆದರೆ ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ ಕೆಳ ತರಗತಿಗಳ ಗೋಡೆ ಬರಿ ಗೋಡೆಯಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರೇ ಸೇರಿ ರೂಪಿಸಿದ ನಲಿಕಲಿ ಪದ್ಧತಿ ಮುಂದೆ ರಾಜ್ಯದಾದ್ಯಂತ 1ರಿಂದ 3ನೇ ತರಗತಿಯವರೆಗೆ ಹರಡಿತು. ನಲಿಕಲಿ ಕೊಠಡಿಯಲ್ಲಿ ನೆಲದ ಮೇಲೆ ಕೂತ ಮಗುವಿನ ಕೈಗೆಟಕುವ ಎತ್ತರದಲ್ಲಿ ಗೋಡೆಯುದ್ದಕ್ಕೂ ಕರಿ ಪಟ್ಟಿ ಇರುತ್ತದೆ. ಮಕ್ಕಳು ಸೀಮೆಸುಣ್ಣ ಹಿಡಿದು ಬರೆಯುವುದು, ಅಳಿಸುವುದು ಅದರ ಮೇಲೆ. ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರಗಳನ್ನೂ ಅಕ್ಷರದ ಕಾರ್ಡುಗಳನ್ನೂ ತೂಗುಹಾಕುವ ಕಲಿಕಾ ಚಪ್ಪರ, ಗೋಡೆಯಲ್ಲಿ ಕಲಿಕಾ ಏಣಿ, ಯಾವ ಮಗು ಯಾವ ಮೆಟ್ಟಿಲಲ್ಲಿದೆ ಎಂದು ತೋರಿಸುವ ಪ್ರಗತಿ ನೋಟ. ಇವು ಅಲಂಕಾರಕ್ಕೆ ಇರುವಂಥವಲ್ಲ, ಪಾಠದ ಸಾಮಗ್ರಿ. ಬೆಳಿಗ್ಗೆ ಹತ್ತಕ್ಕೆ ಬಂದು ಸಂಜೆ ನಾಲ್ಕಕ್ಕೆ ಹೊರಡುವವರಿಗೆ ಇದನ್ನು ವಿವರಿಸಿ ಹೇಳುವವರಿಲ್ಲದಿದ್ದರೆ ಆ ಕರಿ ಪಟ್ಟಿಯೂ ಬಣ್ಣದಡಿಗೆ ಹೋಗುತ್ತದೆ, ಅದರ ಮೇಲೆ ಚಿಟ್ಟೆ, ಕಾಮನಬಿಲ್ಲು, ಟಿವಿ ಕಾರ್ಟೂನಿನ ಗೊಂಬೆಗಳು ಮೂಡುತ್ತವೆ. ಫೋಟೊದಲ್ಲಿ ಶಾಲೆ ಹೊಸದಾಗಿ ಕಾಣುತ್ತದೆ. ಮಗುವಿಗೆ ಬರೆಯುವ ಜಾಗ ಹೋಗಿರುತ್ತದೆ.

ಅದೇ ದಿನ ತರಗತಿಗಳು ನಡೆಯುವುದಿಲ್ಲ. ಇಬ್ಬರೇ ಶಿಕ್ಷಕರಿರುವ ಕಿರಿಯ ಪ್ರಾಥಮಿಕ ಶಾಲೆಯಲ್ಲಿ ಒಬ್ಬರು ಅತಿಥಿಗಳ ಹಿಂದೆ ಓಡಾಡುತ್ತಾರೆ, ಇನ್ನೊಬ್ಬರು ಅಷ್ಟೂ ಮಕ್ಕಳನ್ನು ಅಂಗಳದಲ್ಲಿ ಕೂರಿಸಿಕೊಂಡಿರುತ್ತಾರೆ. ಸ್ವಾಗತ ಗೀತೆಗೆ ಹಿಂದಿನ ದಿನವೇ ತಾಲೀಮು ನಡೆದಿರುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಬಿಟ್ಟು ಬೇರೆ ಯಾವ ಶಿಕ್ಷಣೇತರ ಕೆಲಸಕ್ಕೂ ಶಿಕ್ಷಕರನ್ನು ನಿಯೋಜಿಸಬಾರದು ಎನ್ನುತ್ತದೆ. ಕಂಪನಿಯ ಸೇವಾ ದಿನಕ್ಕೆ ಯಾರೂ ಶಿಕ್ಷಕರನ್ನು ಆದೇಶ ಹೊರಡಿಸಿ ನಿಯೋಜಿಸುವುದಿಲ್ಲ ನಿಜ. ಆದರೂ ಕಲಿಕೆಯ ದಿನವನ್ನು ಕಾಪಾಡುವುದು ಆ ಸೆಕ್ಷನ್ನಿನ ಆಶಯ, ಸೇವಾ ದಿನ ಕಬಳಿಸುವುದು ಅದನ್ನೇ. ಆ ಶಾಲೆಯ ಮುಖ್ಯ ಶಿಕ್ಷಕರನ್ನು ಒಬ್ಬರೇ ಇರುವಾಗ ಕೇಳಿದರೆ ಸಿಗುವ ಪಟ್ಟಿ ಬೇರೆ: ಖಾಲಿ ಹುದ್ದೆಗೆ ಒಬ್ಬ ಅತಿಥಿ ಶಿಕ್ಷಕರು, ಶೌಚಾಲಯಕ್ಕೆ ನಿತ್ಯ ನೀರು, ಅದನ್ನು ತೊಳೆಯಲು ಒಬ್ಬರು, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವವರು. ಈ ಪಟ್ಟಿಯಲ್ಲಿ ಬಹುಪಾಲು ತಿಂಗಳು ತಿಂಗಳು ಕೊಡಬೇಕಾದ ಕೂಲಿ, ಸಂಬಳ. ಅದನ್ನು ನೂರು ಜನ ಒಂದು ದಿನ ಬಂದು ತೀರಿಸುವಂತಿಲ್ಲ.

ಕೆರೆಯ ವಿಷಯದಲ್ಲಿ ತಪ್ಪು ಇನ್ನೂ ಆಳವಾದದ್ದು. ಬೆಂಗಳೂರಿನ ಕೆರೆಗಳು ಕೆಟ್ಟದ್ದು ದಡದ ಮೇಲೆ ಬಿದ್ದ ಪ್ಲಾಸ್ಟಿಕ್ಕಿನಿಂದಲ್ಲ. ರಾಜಕಾಲುವೆಗಳ ಮೂಲಕ ಹರಿದು ಬರುವ ಶುದ್ಧೀಕರಿಸದ ಒಳಚರಂಡಿ ನೀರು, ಕೈಗಾರಿಕೆಗಳ ತ್ಯಾಜ್ಯ, ಕಾಲುವೆಗಳ ಒತ್ತುವರಿ ಅದಕ್ಕೆ ಕಾರಣ. ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿದ್ದು, 2017ರ ಫೆಬ್ರುವರಿಯಲ್ಲಿ ಕೆರೆಗೇ ಬೆಂಕಿ ಬಿದ್ದದ್ದು ಈ ಕಾರಣಗಳಿಂದ. ಚರಂಡಿಯ ನೀರಿನಲ್ಲಿರುವ ಸಾರಜನಕ, ರಂಜಕಗಳನ್ನು ಹೀರಿಯೇ ಜೊಂಡು, ಅಂತರಗಂಗೆ ಹಬ್ಬುತ್ತವೆ. ಕೊಳಕು ನೀರು ಬರುತ್ತಿರುವಷ್ಟು ಕಾಲ ಒಂದು ಶನಿವಾರ ಕಿತ್ತ ಕಳೆ ಕೆಲವೇ ವಾರಗಳಲ್ಲಿ ಮತ್ತೆ ಅಷ್ಟೇ ಆಗುತ್ತದೆ. ಕಿತ್ತದ್ದನ್ನು ದಡದಲ್ಲೇ ಗುಡ್ಡೆ ಹಾಕಿ ಹೋದರೆ ಅದು ಕೊಳೆತು ಮೊದಲ ಮಳೆಗೆ ಮತ್ತೆ ಕೆರೆಗೇ ಇಳಿಯುತ್ತದೆ. ಸಾಗಿಸಲು ಟ್ರ್ಯಾಕ್ಟರ್ ಬೇಕು, ಹಾಕಲು ಜಾಗ ಬೇಕು, ನಾಳೆಯೂ ನಾಡಿದ್ದೂ ಬರುವ ಕೆಲಸಗಾರರು ಬೇಕು.

ಇಂಥ ದಿನಗಳಿಗೆ ಶ್ರಮದಾನ ಎಂಬ ಹೆಸರು ಕೊಟ್ಟು, ನಮ್ಮ ಹಿರಿಯರು ಕೆರೆಗಳನ್ನು ಹೀಗೆಯೇ ಉಳಿಸಿಕೊಂಡರು ಎಂದು ಹೇಳುವುದು ರೂಢಿಯಾಗಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ಊರವರು ಕೂಡಿ ದುಡಿದದ್ದು ನಿಜ. ಆದರೆ ಅವರು ಆ ಕೆರೆಯ ನೀರಿನಿಂದ ಬೆಳೆ ತೆಗೆಯುವವರು, ತಮ್ಮ ನೀರಿಗಾಗಿ ತಾವು ದುಡಿದವರು. ನಿತ್ಯದ ನಿರ್ವಹಣೆಯನ್ನು ಅವರು ಯಾರ ಬಿಡುವಿಗೂ ಬಿಟ್ಟಿರಲಿಲ್ಲ. ಕರ್ನಾಟಕದ ಶಾಸನಗಳಲ್ಲಿ ಮತ್ತೆ ಮತ್ತೆ ಬರುವ ಕೆರೆಗೊಡಗೆ, ಕಟ್ಟುಗೊಡಗೆ, ಬಿತ್ತುವಟ್ಟಗಳು ಕೆರೆ ಕಟ್ಟಿದವರಿಗೆ, ಅದನ್ನು ಕಾಪಾಡುವವರಿಗೆ ಬಿಟ್ಟ ಭೂಮಿ, ಆದಾಯ. ಹೂಳೆತ್ತುವ ಬಂಡಿಗಳಿಗಾಗಿ, ಅವುಗಳ ಎತ್ತು ಕೋಣಗಳಿಗಾಗಿ ದತ್ತಿ ಬಿಟ್ಟ ದಾಖಲೆಗಳಿವೆ. ತೂಬು ತೆಗೆದು ಮುಚ್ಚುವ, ಯಾವ ಗದ್ದೆಗೆ ಎಷ್ಟು ನೀರೆಂದು ನೋಡುವ ನೀರುಗಂಟಿಗೆ ಸುಗ್ಗಿಯಲ್ಲಿ ಕಾಳಿನ ಪಾಲು ಇತ್ತು. ಆ ವ್ಯವಸ್ಥೆಯಲ್ಲಿ ಜಾತಿಯ ಕಟ್ಟುಪಾಡು, ಬಿಟ್ಟಿ ದುಡಿಮೆ ಇರಲಿಲ್ಲವೆಂದಲ್ಲ. ಅದನ್ನು ಹಾಗೆಯೇ ಮರಳಿ ತರಬೇಕೆಂದು ಯಾರೂ ಕೇಳಲಾರರು. ಆದರೆ ಕಾಯುವವನಿಗೆ ಕೂಲಿ ಇಲ್ಲದೆ ಕೆರೆ ಉಳಿಯದು ಎಂಬ ತಿಳಿವಳಿಕೆ ಅದರಲ್ಲಿತ್ತು. ಆ ಮಟ್ಟಿಗೆ ಅದು ಇಂದಿನ ಸೇವಾ ದಿನಕ್ಕಿಂತ ವಾಸ್ತವಕ್ಕೆ ಹತ್ತಿರವಾಗಿತ್ತು.

ಸಸಿ ನೆಡುವುದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಜೂನ್ 5ರ ಪರಿಸರ ದಿನ ನೆಟ್ಟ ಸಸಿ ಮಳೆಗಾಲ ದಾಟುತ್ತದೆ, ಪರೀಕ್ಷೆ ಎದುರಾಗುವುದು ಮುಂದಿನ ಮಾರ್ಚ್ ಏಪ್ರಿಲ್‌ನಲ್ಲಿ. ಎರಡು ಬೇಸಿಗೆ ನೀರು ಹಾಕುವ, ದನ ಮೇಕೆಗಳಿಂದ ಕಾಯುವ ವಾಚರ್ ಒಬ್ಬನಿದ್ದರೆ ಅದು ಮರವಾಗುತ್ತದೆ. ನೆಟ್ಟ ಸಸಿಗಳ ಸಂಖ್ಯೆ ವರದಿಗೆ ಏರಿದಷ್ಟು ಸಲೀಸಾಗಿ ಎರಡು ವರ್ಷದ ನಂತರ ಉಳಿದವುಗಳ ಸಂಖ್ಯೆ ಏರುವುದಿಲ್ಲ. ಮಣ್ಣಿನ ಏರಿಯ ಮೇಲೆ ಆಲ, ಅರಳಿಯ ಸಸಿ ನೆಟ್ಟರೆ ಬೇರು ಏರಿಯನ್ನೇ ಸಡಿಲಿಸುತ್ತದೆಂಬ ಮಾತು ಹಳ್ಳಿಯ ರೈತನಿಗೆ ಗೊತ್ತು. ಬಸ್ಸಿನಲ್ಲಿ ಬಂದವರಿಗೆ ಆ ರೈತನನ್ನು ಕೇಳುವ ಸಮಯ ಇರುವುದಿಲ್ಲ.

ಸೇವಾ ದಿನ ಉಚಿತ ಎಂಬ ನಂಬಿಕೆಯೂ ಸರಿಯಲ್ಲ. ಕಂಪನಿಗೂ ಶಾಲೆಗೂ ನಡುವೆ ಒಂದು ಸ್ವಯಂಸೇವಾ ಸಂಸ್ಥೆ ಇರುತ್ತದೆ. ಆ ದಿನವನ್ನು ನಡೆಸಿಕೊಡುವುದು ಅದರ ಕ್ಷೇತ್ರ ಕಾರ್ಯಕರ್ತೆ. ನೂರು ಜನ ಏಕಕಾಲಕ್ಕೆ ಮಾಡಬಹುದಾದ ಕೆಲಸವನ್ನು ಅವಳು ಹುಡುಕಬೇಕು. ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಕಚೇರಿಗೆ ಹೋಗಿ ಅನುಮತಿ ತರಬೇಕು. ಬ್ರಷ್, ಕೈಗವಸು, ಕುಡಿಯುವ ನೀರು, ಊಟ, ಪ್ರಥಮ ಚಿಕಿತ್ಸೆಯ ಪೆಟ್ಟಿಗೆ ಹೊಂದಿಸಬೇಕು. ಬಸ್ ನಿಲ್ಲುವ ಜಾಗ, ಹೆಂಗಸರಿಗೆ ಶೌಚಾಲಯ ನೋಡಿಡಬೇಕು. ನೌಕರರು ಹೋದ ಮೇಲೆ ಕಿಟಕಿ ಬಾಗಿಲಿಗೆ ಸೋರಿದ ಬಣ್ಣ ಉಜ್ಜಿಸಿ, ಅರ್ಧಕ್ಕೆ ನಿಂತ ಗೋಡೆಯನ್ನು ಕೂಲಿಗೆ ಪೇಂಟರ್ ಕರೆಸಿ ಮುಗಿಸಬೇಕು. ಕೊನೆಗೆ ಎಷ್ಟು ಜನ, ಎಷ್ಟು ಗಂಟೆ, ಎಷ್ಟು ಮಕ್ಕಳಿಗೆ ಲಾಭ ಎಂಬ ವರದಿಯನ್ನು ಫೋಟೊ ಸಮೇತ ಕಳಿಸಬೇಕು. ಇದಕ್ಕೆ ಹೋಗುವುದು ಹತ್ತು ಶಾಲೆಗಳನ್ನು ಸುತ್ತಬೇಕಾದ ಅವಳ ಕೆಲಸದ ದಿನಗಳು. ಬೇಡ ಎನ್ನುವ ಸ್ವಾತಂತ್ರ್ಯ ಅವಳ ಸಂಸ್ಥೆಗೆ ಇರುವುದಿಲ್ಲ, ಮುಂದಿನ ವರ್ಷದ ಅನುದಾನ ಅದೇ ಕಂಪನಿಯಿಂದ ಬರಬೇಕು.

ಹಾಗಿದ್ದೂ ಅವಳ ಸಂಬಳವೇ ಅನುದಾನದ ಚರ್ಚೆಯಲ್ಲಿ ಮೊದಲು ಕತ್ತರಿ ಕಾಣುವ ಬಾಬತ್ತು. ಆಡಳಿತ ವೆಚ್ಚ ಶೇ 5 ಮೀರಬಾರದು ಎಂಬ ನಿಯಮವನ್ನು ಇದಕ್ಕೆ ನೆಪ ಮಾಡಿಕೊಳ್ಳುವುದುಂಟು. ಆ ಮಿತಿ ಇರುವುದು ಸಿಎಸ್‌ಆರ್ ವಿಭಾಗ ನಡೆಸಲು ಕಂಪನಿ ಮಾಡುವ ಸ್ವಂತ ಸಾಮಾನ್ಯ ಖರ್ಚಿಗೆ. ಯೋಜನೆಯನ್ನು ರೂಪಿಸಲು, ನಡೆಸಲು, ಪರಿಶೀಲಿಸಲು ನೇರವಾಗಿ ತಗಲುವ ಖರ್ಚು ಅದರಲ್ಲಿ ಸೇರುವುದಿಲ್ಲ ಎಂದು ನಿಯಮವೇ ಹೇಳುತ್ತದೆ. ಹಳ್ಳಿಯಲ್ಲಿ ಮಕ್ಕಳಿಗೆ ಓದಿಸುವವಳ ಸಂಬಳ ಯೋಜನೆಯ ಖರ್ಚು, ಅದೇ ಯೋಜನೆ. ಕಟ್ಟಡಕ್ಕೆ, ಕಂಪ್ಯೂಟರಿಗೆ, ಬಣ್ಣಕ್ಕೆ ಸುಲಭವಾಗಿ ಸಿಗುವ ಹಣ ಮನುಷ್ಯರಿಗೆ ಸಿಗದಿರುವುದು ಈ ಕ್ಷೇತ್ರದ ದೊಡ್ಡ ಅನ್ಯಾಯ. ಸೇವಾ ದಿನ ಆ ಅನ್ಯಾಯವನ್ನು ಗಟ್ಟಿಗೊಳಿಸುತ್ತದೆ, ಏಕೆಂದರೆ ಸಾಮಾಜಿಕ ಕೆಲಸವೆಂದರೆ ಯಾರು ಬೇಕಾದರೂ ಸಂಬಳವಿಲ್ಲದೆ ಒಂದು ದಿನ ಮಾಡಬಹುದಾದ್ದು ಎಂಬ ಭಾವನೆಯನ್ನು ಅದು ವರ್ಷ ವರ್ಷವೂ ಹೊಸ ನೌಕರರಲ್ಲಿ ಬಿತ್ತುತ್ತದೆ.

ಈ ಸೇವೆ ಎಷ್ಟರ ಮಟ್ಟಿಗೆ ಸ್ವಇಚ್ಛೆಯದು ಎಂಬುದೂ ಪ್ರಶ್ನೆಯೇ. ಶೇಕಡಾ ಇಷ್ಟು ನೌಕರರು ಪಾಲ್ಗೊಳ್ಳಬೇಕೆಂದು ಮೇಲಿನಿಂದ ಗುರಿ ಬಂದಾಗ, ಟೀಮಿನ ಮ್ಯಾನೇಜರ್ ಹೆಸರು ಹೆಸರಾಗಿ ಕರೆದಾಗ, ಒಲ್ಲೆ ಎನ್ನುವುದು ಕಿರಿಯ ನೌಕರನಿಗೆ ಸುಲಭವಲ್ಲ. ಅದೇ ಕ್ಯಾಂಪಸ್ಸಿನಲ್ಲಿ ನೆಲ ಒರೆಸುವವರು, ಗೇಟು ಕಾಯುವವರು ಸಾಮಾನ್ಯವಾಗಿ ಗುತ್ತಿಗೆಯವರು. ಸಂಬಳ ಸಹಿತ ಸೇವಾ ರಜೆ ಅವರಿಗೆ ಅನ್ವಯಿಸುವುದಿಲ್ಲ. ಅವರಲ್ಲಿ ಎಷ್ಟೋ ಜನರ ಮಕ್ಕಳು ಓದುವುದು, ಕಂಪನಿಯ ಬಸ್ಸು ಬಣ್ಣದ ಡಬ್ಬಿ ಹೊತ್ತು ಹೋಗುವಂಥ ಸರ್ಕಾರಿ ಶಾಲೆಗಳಲ್ಲೇ. ಸಮಾಜಕ್ಕೆ ನೆರವಾಗಬೇಕೆಂಬ ಕಂಪನಿಗೆ ಅತ್ಯಂತ ಹತ್ತಿರದ ಸಮಾಜ ತನ್ನ ಗೇಟಿನ ಒಳಗೇ ಇದೆ. ಆ ಗುತ್ತಿಗೆಯವರಿಗೆ ಸರಿಯಾದ ಕೂಲಿ, ಪಿಎಫ್, ಇಎಸ್‌ಐ ಸಿಗುವಂತೆ ನೋಡಿಕೊಂಡರೆ ಅದರಿಂದ ಆಗುವಷ್ಟು ಒಳಿತು ಯಾವ ಸೇವಾ ದಿನದಿಂದಲೂ ಆಗದು.

ಸೇವಾ ದಿನ ಹಣದ ದಿಕ್ಕನ್ನೂ ಬಾಗಿಸುತ್ತದೆ. ನೌಕರರು ಹೋಗಿ ಸಂಜೆಗೆ ಮರಳುವ ದೂರದಲ್ಲಿ ಯೋಜನೆ ಇರಬೇಕೆಂದಾಗ ಹಣ ಬೆಂಗಳೂರು, ಹೆಚ್ಚೆಂದರೆ ರಾಮನಗರ, ಕೋಲಾರ ದಾಟುವುದಿಲ್ಲ. ಕಂಪನಿ ತಾನಿರುವ ಪ್ರದೇಶಕ್ಕೆ ಆದ್ಯತೆ ಕೊಡಬೇಕೆಂದು 135ನೇ ಸೆಕ್ಷನ್ ಹೇಳಿದೆ; ಆದರೆ ಅದು ಮಾರ್ಗದರ್ಶನ, ಕಡ್ಡಾಯವಲ್ಲ ಎಂದು ಸಚಿವಾಲಯವೇ 2021ರಲ್ಲಿ ಸ್ಪಷ್ಟಪಡಿಸಿದೆ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಕೊಟ್ಟ ವರದಿ ರಾಜ್ಯದ ಆಗಿನ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಗುರುತಿಸಿತು. ಯಾದಗಿರಿ ಮತ್ತು ರಾಯಚೂರು ಇಂದಿಗೂ ಕೇಂದ್ರದ ಮಹತ್ವಾಕಾಂಕ್ಷಿ ಜಿಲ್ಲೆಗಳ ಪಟ್ಟಿಯಲ್ಲಿವೆ. ಆ ಜಿಲ್ಲೆಗಳ ಅಂಗನವಾಡಿ, ಶಾಲೆ, ಕುಡಿಯುವ ನೀರಿನ ಕೊರತೆ ಎಷ್ಟೇ ದೊಡ್ಡದಿದ್ದರೂ ವೈಟ್‌ಫೀಲ್ಡಿನಿಂದ ಬಸ್ಸು ಅಲ್ಲಿಗೆ ಒಂದು ದಿನದಲ್ಲಿ ಹೋಗಿ ಬರಲಾರದು. ಸ್ಥಳೀಯ ಎಂಬುದನ್ನು ಕಚೇರಿಯಿಂದ ಕಿಲೋಮೀಟರ್ ಅಳೆದು ತೀರ್ಮಾನಿಸುವ ಪದ್ಧತಿ, ಈಗಾಗಲೇ ಹಣವಿರುವ ನಗರಕ್ಕೇ ಮತ್ತೆ ಹಣ ಸುರಿಯುತ್ತದೆ.

ಸೇವಾ ದಿನದ ಪರವಾಗಿ ಎರಡು ವಾದಗಳು ಗಂಭೀರವಾದವು. ಏನೂ ಇಲ್ಲದ್ದಕ್ಕಿಂತ ಇಷ್ಟಾದರೂ ಆಯಿತಲ್ಲ ಎಂಬುದು ಮೊದಲನೆಯದು. ಹಣ, ಸಮಯ, ಅನುಮತಿ, ಜನರ ಗಮನ ಯಾವುದೂ ಬೇಕಿರದಿದ್ದರೆ ಈ ವಾದ ನಿಲ್ಲುತ್ತಿತ್ತು. ಬಸ್ಸು, ಊಟ, ಟೀ ಶರ್ಟು, ಬಣ್ಣ ಮತ್ತು ನೂರು ನೌಕರರ ಒಂದು ದಿನದ ಸಂಬಳ ಕೂಡಿಸಿದರೆ ಬರುವ ಮೊತ್ತ ಒಬ್ಬ ಅತಿಥಿ ಶಿಕ್ಷಕರನ್ನು ಇಡೀ ಶೈಕ್ಷಣಿಕ ವರ್ಷಕ್ಕೆ ಇಟ್ಟುಕೊಳ್ಳಲು ಸಾಕು. ಹೋಲಿಸಬೇಕಾದದ್ದು ಇವೆರಡನ್ನು.

ಎರಡನೆಯ ವಾದ, ಒಂದು ದಿನದ ಅನುಭವ ನೌಕರನ ಕಣ್ಣು ತೆರೆಸುತ್ತದೆ, ಅವನು ಮುಂದೆ ಒಳ್ಳೆಯ ನಾಗರಿಕನಾಗುತ್ತಾನೆ ಎಂಬುದು. ಕೆಲವರ ಮಟ್ಟಿಗೆ ಇದು ನಿಜ, ಅಂಥವರು ಎಲ್ಲ ಊರುಗಳಲ್ಲೂ ಇದ್ದಾರೆ. ಆದರೆ ಕೆರೆಯನ್ನು ಕಣ್ಣಾರೆ ಕಂಡವನಿಗೆ ಏಳಬೇಕಾದ ಪ್ರಶ್ನೆ, ಈ ಚರಂಡಿ ನೀರು ಎಲ್ಲಿಂದ ಬರುತ್ತಿದೆ, ಯಾರು ತಡೆಯಬೇಕಿತ್ತು ಎಂಬುದು. ಅದು ಜಲಮಂಡಳಿಗೆ, ಮಾಲಿನ್ಯ ನಿಯಂತ್ರಣ ಮಂಡಳಿಗೆ, ವಾರ್ಡಿನ ಪ್ರತಿನಿಧಿಗೆ ಕೇಳಬೇಕಾದ ಪ್ರಶ್ನೆ. ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಆ ಇಡೀ ಕಾಲದಲ್ಲಿ ನಗರದ ಕಂಪನಿಗಳ ಸೇವಾ ದಿನಗಳು ನಿಲ್ಲಲಿಲ್ಲ, ಆದರೆ ವಾರ್ಡಿಗೊಬ್ಬ ಚುನಾಯಿತ ಪ್ರತಿನಿಧಿ ಬೇಕು ಎಂಬ ಮಾತು ಸೇವಾ ದಿನದ ಯಾವ ಬ್ಯಾನರಿನ ಮೇಲೂ ಬರುವಂತಿರಲಿಲ್ಲ. ಕಂಪನಿಗೆ ಸರ್ಕಾರದಿಂದ ಅನುಮತಿಗಳು ಬೇಕು, ಜಮೀನು ಬೇಕು, ಅದು ಜಗಳವಾಡಲಾರದು. 2022ರ ಜುಲೈನಲ್ಲಿ ಪೌರಕಾರ್ಮಿಕರು ಕೆಲಸ ಕಾಯಂ ಮಾಡಿ ಎಂದು ಮುಷ್ಕರ ಹೂಡಿದರು. ರಸ್ತೆ ಗುಡಿಸುವ ಅಭಿಯಾನಗಳಲ್ಲಿ ಪೊರಕೆ ಹಿಡಿದಿದ್ದ ಕಂಪನಿಗಳು ನಿತ್ಯ ಗುಡಿಸುವವರ ಈ ಬೇಡಿಕೆಯ ಪರವಾಗಿ ಬಾಯಿಬಿಡುವ ಪದ್ಧತಿಯೇ ಇಲ್ಲ. ಅದೇ ವರ್ಷ ಆಗಸ್ಟ್, ಸೆಪ್ಟೆಂಬರಿನಲ್ಲಿ ಹೊರ ವರ್ತುಲ ರಸ್ತೆ ಮುಳುಗಿದಾಗ ಪಾಲಿಕೆ ತಯಾರಿಸಿದ ಒತ್ತುವರಿ ಪಟ್ಟಿಯಲ್ಲಿ ಟೆಕ್ ಪಾರ್ಕುಗಳ ಹೆಸರೂ ಇದ್ದವು. ಕಾಲುವೆಯ ದಾರಿ ಕಟ್ಟಡದಡಿ ಸಿಕ್ಕಿಕೊಂಡಿದ್ದರೆ ಕೆರೆಯ ದಡದಲ್ಲಿ ಕಸ ಹೆಕ್ಕಿ ಅದರ ಋಣ ತೀರದು. ಕಣ್ಣು ತೆರೆಸುವ ಶಿಕ್ಷಣವೆಂದು ಹೊಗಳಿಸಿಕೊಳ್ಳುವ ದಿನ, ಕಾರಣ ಕೇಳದೆ ಕಸ ಎತ್ತುವುದನ್ನಷ್ಟೇ ಕಲಿಸುತ್ತದೆ.

ಹಾಗೆಂದು ಕಂಪನಿಯ ನೆರವು, ನೌಕರರ ಶ್ರಮ ವ್ಯರ್ಥವೆಂದೇನೂ ಅಲ್ಲ. ಆನೇಕಲ್ ತಾಲ್ಲೂಕಿನ ಕ್ಯಾಲಸನಹಳ್ಳಿಯ 36 ಎಕರೆ ಕೆರೆ 2017ರಲ್ಲಿ ಮರುಜೀವ ಪಡೆದದ್ದು ಒಬ್ಬ ನೌಕರನಿಂದ. ಸನ್ಸೇರಾ ಎಂಜಿನಿಯರಿಂಗ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಆನಂದ ಮಲ್ಲಿಗವಾಡ್ ಕೆರೆಗಳನ್ನು ತಾವೇ ಸುತ್ತಿ ನೋಡಿ, ಓದಿ, ಯೋಜನೆ ಹಾಕಿ ಕಂಪನಿಯ ಮುಂದಿಟ್ಟರು. ಕಂಪನಿ ಸಿಎಸ್‌ಆರ್‌ನಿಂದ ಒಂದು ಕೋಟಿಗೂ ಹೆಚ್ಚು ರೂಪಾಯಿ ಕೊಟ್ಟಿತು. ಯಂತ್ರಗಳಿಂದ ಹೂಳು ತೆಗೆಸಿ, ಆ ಮಣ್ಣಿನಿಂದಲೇ ಕೆರೆಯೊಳಗೆ ನಡುಗಡ್ಡೆಗಳನ್ನು ಮಾಡಿದರು. ಸಸಿ ನೆಡಲು ಸ್ವಯಂಸೇವಕರು ಬಂದದ್ದು ಆಮೇಲೆ. ಮಲ್ಲಿಗವಾಡ್ ಮುಂದೆ ಕೆಲಸವನ್ನೇ ಬಿಟ್ಟು ಕೆರೆಗಳಿಗೆ ಪೂರ್ಣಾವಧಿ ನಿಂತರು. ಇಲ್ಲಿ ಕ್ರಮ ತಿರುವುಮುರುವಾಗಿರುವುದನ್ನು ಗಮನಿಸಬೇಕು. ಮೊದಲು ಕೆರೆಗೆ ಏನು ಬೇಕೆಂಬುದು ನಿಶ್ಚಯವಾಯಿತು, ಅದಕ್ಕೆ ಹಣ ಬಂತು, ಜನ ಕೊನೆಯಲ್ಲಿ ಬಂದರು. ಕಂಪನಿ ಕೊಟ್ಟದ್ದು ಯಂತ್ರಕ್ಕೆ, ಕೂಲಿಗೆ ಹಣ ಮತ್ತು ಒಬ್ಬ ನೌಕರನ ಹಟಕ್ಕೆ ಅವಕಾಶ.

ಟಾಟಾ ಸಮೂಹದ ಪ್ರೊಎಂಗೇಜ್ ಇನ್ನೊಂದು ಉದಾಹರಣೆ. ನೌಕರರು ವಾರಾಂತ್ಯ, ಬಿಡುವಿನ ವೇಳೆಯಲ್ಲಿ ಸುಮಾರು ಆರು ತಿಂಗಳು ಒಂದು ಸಂಸ್ಥೆ ಗೊತ್ತುಮಾಡಿದ ಕೆಲಸಕ್ಕೆ ತಮ್ಮ ವೃತ್ತಿಯ ಕೌಶಲವನ್ನು ಕೊಡುತ್ತಾರೆ. ಲೆಕ್ಕ ಬರೆಯುವ ಪದ್ಧತಿ, ಮಾಹಿತಿ ದಾಖಲಿಸುವ ಸಾಫ್ಟ್‌ವೇರ್, ಕಾನೂನಿನ ದಾಖಲೆಗಳು ಸಣ್ಣ ಸಂಸ್ಥೆಗಳಿಗೆ ಹಣ ಕೊಟ್ಟು ಕೊಳ್ಳಲಾಗದಂಥವು. ಲೆಕ್ಕಪರಿಶೋಧಕನ ಕೈಗೆ ಬ್ರಷ್ ಕೊಡುವ ಬದಲು ಲೆಕ್ಕದ ಪುಸ್ತಕ ಕೊಟ್ಟರೆ ಅವನ ಆರು ತಿಂಗಳ ಫಲ ಅವನು ಹೋದ ಮೇಲೂ ಆ ಸಂಸ್ಥೆಯಲ್ಲಿ ಉಳಿಯುತ್ತದೆ. ಅದೇ ಸಮೂಹ ವರ್ಷಕ್ಕೆರಡು ಬಾರಿ ಸ್ವಯಂಸೇವಾ ಸಪ್ತಾಹವನ್ನೂ ನಡೆಸುತ್ತದೆ. ಒಂದೇ ಗಂಟೆಯ ಲೆಕ್ಕದಲ್ಲಿ ಅಳೆದರೆ ಈ ಎರಡೂ ಸಮ ಎನಿಸಿಬಿಡುತ್ತವೆ. ಗಂಟೆಯನ್ನು ಅಳತೆಗೋಲು ಮಾಡಿಕೊಂಡದ್ದರ ದೋಷ ಇದು.

ಹಣವನ್ನಷ್ಟೇ ಕೊಟ್ಟು ದೂರ ನಿಲ್ಲುವುದು ಕೂಡ ಎಷ್ಟೋ ಸಲ ದೊಡ್ಡ ಸೇವೆ. ಕರ್ನಾಟಕದ ಶಾಲೆಗಳಲ್ಲಿ ಸರ್ಕಾರ ವಾರಕ್ಕೆ 2 ದಿನ ಕೊಡುತ್ತಿದ್ದ ಮೊಟ್ಟೆಯನ್ನು 6 ದಿನಕ್ಕೆ ಏರಿಸಲು ಅಜೀಂ ಪ್ರೇಮ್‌ಜಿ ಫೌಂಡೇಷನ್ 2024ರಲ್ಲಿ 3 ವರ್ಷಗಳಿಗೆ 1,500 ಕೋಟಿ ರೂಪಾಯಿ ಮೀರಿದ ನೆರವಿಗೆ ಒಪ್ಪಂದ ಮಾಡಿಕೊಂಡಿತು. ಅದು ಕಂಪನಿಯ ಸಿಎಸ್‌ಆರ್ ಅಲ್ಲ, ದತ್ತಿ ಸಂಸ್ಥೆ. ಮೊತ್ತದಲ್ಲಿ ಬೇರೆಯವರು ಸಾಟಿಯಾಗಬೇಕೆಂದೂ ಇಲ್ಲ. ಆದರೆ ರೀತಿ ಎಲ್ಲರೂ ಅನುಸರಿಸಬಹುದಾದದ್ದು. ಈಗಾಗಲೇ ಇರುವ ಬಿಸಿಯೂಟದ ವ್ಯವಸ್ಥೆಯ ಮೂಲಕ, ಈಗಾಗಲೇ ಅಡುಗೆ ಮಾಡುವ ಹೆಂಗಸರ ಕೈಯಿಂದ, ದಿನವೂ ಬೇಕಾದ ಒಂದು ವಸ್ತುವಿಗೆ ದಿನವೂ ಹಣ. ಯಾದಗಿರಿಯ ಮಗುವಿಗೂ ಅದು ತಲುಪುತ್ತದೆ, ಯಾರೂ ಬಸ್ಸು ಹತ್ತಬೇಕಾಗಿಲ್ಲ.

ಕಂಪನಿಗಳು ಬದಲಿಸಬೇಕಾದದ್ದು ಕಷ್ಟದ್ದೇನಲ್ಲ. ವರದಿಯಲ್ಲಿ ನೌಕರರ ಗಂಟೆಗಳನ್ನು ಸಿಎಸ್‌ಆರ್ ಅಧ್ಯಾಯದಿಂದ ತೆಗೆದು ನೌಕರರ ಕಲ್ಯಾಣದ ಅಧ್ಯಾಯಕ್ಕೆ ಹಾಕಬೇಕು. ಅನುದಾನ ಕನಿಷ್ಠ ಮೂರು ವರ್ಷದ್ದಾಗಿರಬೇಕು. ಚಾಲ್ತಿಯಲ್ಲಿರುವ ಯೋಜನೆಗಳ ಹಣವನ್ನು ಆರಂಭದ ವರ್ಷ ಬಿಟ್ಟು ಮುಂದಿನ ಮೂರು ವರ್ಷಗಳವರೆಗೆ ಖರ್ಚು ಮಾಡಲು 2021ರ ನಿಯಮಗಳಲ್ಲಿ ದಾರಿ ಇದೆ. ಕ್ಷೇತ್ರದಲ್ಲಿ ದುಡಿಯುವವರ ಸಂಬಳ ಅದರ ಮೊದಲ ಬಾಬತ್ತಾಗಬೇಕು. ನೌಕರರು ಹೋಗುವುದಾದರೆ ಶಾಲೆಯೋ ಸಂಸ್ಥೆಯೋ ಲಿಖಿತವಾಗಿ ಕೇಳಿದ ಕೆಲಸಕ್ಕೆ, ಆ ಕೆಲಸ ಬಲ್ಲವರು ಮಾತ್ರ, ಅದು ಮುಗಿಯುವವರೆಗೆ ಹೋಗಬೇಕು. ಒಬ್ಬನೇ ಬೇಕೆಂದರೆ ಒಬ್ಬನೇ, ನೂರು ಬೇಡವೆಂದರೆ ನೂರು ಬೇಡ. ಏನು ಬೇಕೆಂದು ನಿರ್ಧರಿಸುವುದು ಶಾಲೆಯ ಮಟ್ಟಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ), ಕೆರೆಯ ಮಟ್ಟಿಗೆ ಗ್ರಾಮ ಪಂಚಾಯಿತಿ ಅಥವಾ ಅಚ್ಚುಕಟ್ಟಿನ ರೈತರು. ಕರ್ನಾಟಕದಲ್ಲಿ ಎಸ್‌ಡಿಎಂಸಿಗಳು 2001ರಿಂದಲೂ ಇವೆ, ಅವುಗಳ ಸದಸ್ಯರಲ್ಲಿ ಹೆಚ್ಚಿನವರು ಪೋಷಕರೇ. ಒಪ್ಪಂದಕ್ಕೆ ಅವರ ಸಹಿ ಇರಬೇಕು, ಅದರಲ್ಲಿ ಬೇಡವೆನ್ನುವ ಹಕ್ಕೂ ಬರೆದಿರಬೇಕು, ಮತ್ತು ಒಮ್ಮೆ ಬೇಡವೆಂದ ಶಾಲೆಗೆ ಮುಂದಿನ ವರ್ಷದ ಹಣ ನಿಲ್ಲಬಾರದು.